ಕ್ಷೌರದ ಕತ್ತಿಗೆ ಬಾಯಿ ಕೂಡಿಸುವುದು: ಮೊದಲ ಕಲ್ಲಿನಿಂದ ಕೆನ್ನೆಯವರೆಗೆ

ಮುಂಬಯಿ ಪಕ್ಕದ ಡೊಂಬಿವಲಿ ಪೂರ್ವದಲ್ಲಿ ನಮ್ಮ ಮನೆಯ ಹತ್ತಿರ ಇಂಡಿ ಕಡೆಯ ಕಾಕಾ ಒಬ್ಬರ ಕ್ಷೌರದಂಗಡಿ ಇದೆ. ಮುಂಬಯಿಯ ಹಳೆ ಸಾಮಾನಿನ ಚೋರ್ ಬಜಾರಿನಲ್ಲಿ ಕೊಂಡ, ಜರ್ಮನಿಯ ಸೋಲಿಂಗನ್ ಊರಿನ ಹಳೆಯ ಕತ್ತಿಯೊಂದನ್ನು ನಾನು ಎರಡು ತಿಂಗಳು ಮಸೆದಿದ್ದೆ. ಅದಕ್ಕಾಗಿ ಒಂದಕ್ಕಿಂತ ಒಂದು ನಯವಾದ ಮೂರು ಕಲ್ಲು ಕೊಂಡಿದ್ದೆ. ಅಲಗು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕೆನ್ನೆಗೆ ಇಟ್ಟರೆ ಮಾತ್ರ ಕೂದಲು ಕತ್ತರಿಸುತ್ತಿರಲಿಲ್ಲ, ಹಿಡಿದು ಎಳೆಯುತ್ತಿತ್ತು. ಕಾಕಾಗೆ ತೋರಿಸಿದೆ. ಅವರು ಹೆಬ್ಬೆರಳು ಆಡಿಸಿ ನೋಡಲಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಬಾಯಿ, ಅಂದರೆ ಕತ್ತರಿಸುವ ಅಂಚು, ಮೇಲೆ ಬರುವಂತೆ ಹಿಡಿದು, ಬುಡದಿಂದ ತುದಿಯವರೆಗೆ ಮೆಲ್ಲಗೆ ವಾಲಿಸಿದರು. ಎರಡು ಕಡೆ ಸಾಸಿವೆಗಿಂತ ಸಣ್ಣ ಬೆಳಕಿನ ಚುಕ್ಕೆ ಮಿನುಗಿತು.

"ತಮ್ಮಾ, ಇದರ ಬಾಯಿ ಇನ್ನಾ ಕೂಡಿಲ್ಲ ನೋಡು. ಕೂಡದ ಬಾಯಿಗಿ ಎಷ್ಟ್ ಸಣ್ಣ ಕಲ್ಲ ಹಚ್ಚಿದ್ರೂ ಹೊಳಪ ಬರ್ತದ, ಹರಿತ ಬರೂದಿಲ್ಲ."

ಆ ಒಂದು ಮಾತು ನನ್ನ ಎರಡು ತಿಂಗಳ ತಪ್ಪನ್ನು ತೋರಿಸಿಕೊಟ್ಟಿತು. ಕತ್ತಿಯ ಎರಡು ಬದಿಯ ಓರೆಗಳು, ಅಂದರೆ ಅಂಚಿನ ಪಕ್ಕದ ಇಳಿಜಾರು ಪಟ್ಟಿಗಳು, ಒಂದನ್ನೊಂದು ಮುಟ್ಟಿ ಒಂದೇ ಗೆರೆಯಾಗುವುದಕ್ಕೆ ಕಾಕಾ 'ಬಾಯಿ ಕೂಡೂದು' ಅನ್ನುತ್ತಾರೆ. ಆ ಕೆಲಸ ಆಗುವುದು ಮೊದಲ, ಒರಟು ಕಲ್ಲಿನ ಮೇಲೆ. ಮುಂದಿನ ಕಲ್ಲುಗಳೆಲ್ಲ ಮೊದಲನೆಯದು ಬಿಟ್ಟ ಗೀರುಗಳನ್ನು ನಯಗೊಳಿಸುತ್ತವೆ, ಅಷ್ಟೇ. ಹೊಸದಾಗಿ ಕಲಿಯುವವರಲ್ಲಿ ಹೆಚ್ಚಿನವರು ಸೋಲುವುದು ಇಲ್ಲೇ. ಅದಕ್ಕೇ ಈ ಬರಹದಲ್ಲಿ ದೊಡ್ಡ ಭಾಗ ಮೊದಲ ಕಲ್ಲಿಗೆ ಹೋಗುತ್ತದೆ.

ಕಾಕಾ ಹುಡುಗನಾಗಿದ್ದಾಗ ಸಿಲ್ಲಿ ಮತ್ತು ಚಮೋಟಾ, ಅಂದರೆ ಮಸೆಗಲ್ಲು ಮತ್ತು ಚರ್ಮದ ಪಟ್ಟಿ, ಇವೆರಡನ್ನೂ ಹಡಪದಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರಂತೆ. ಈಗ ಅವರ ಅಂಗಡಿಯಲ್ಲೂ ಅರ್ಧ ಬ್ಲೇಡು ಸಿಕ್ಕಿಸುವ ವಸ್ತರಾ. ಗಿರಾಕಿಗೊಂದು ಹೊಸ ಬ್ಲೇಡು. ಎಚ್‌ಐವಿ, ಹೆಪಟೈಟಿಸ್ ಬಿ ರಕ್ತದಿಂದ ಹರಡುವ ಕಾಯಿಲೆಗಳಾದ್ದರಿಂದ ಅಂಗಡಿಗೆ ಅದೇ ಸರಿಯಾದ ಕ್ರಮ. ಮಸೆಯುವ ಕತ್ತಿ ಒಬ್ಬರ ಮುಖಕ್ಕೆ ಮಾತ್ರ. ಮನೆಯಲ್ಲಿ ಅಣ್ಣ ತಮ್ಮಂದಿರಿದ್ದರೂ ಒಂದನ್ನೇ ಹಂಚಿಕೊಳ್ಳಬೇಡಿ.

ಕತ್ತಿಯೊಳಗೇ ಇರುವ ಕೋನ

ಅಡುಗೆಮನೆಯ ಚಾಕು ಮಸೆಯುವಾಗ ಕೋನವನ್ನು ಕೈಯೇ ಹಿಡಿದಿರಬೇಕು. ಕ್ಷೌರದ ಕತ್ತಿಗೆ ಆ ಕಷ್ಟ ಇಲ್ಲ. ಅದರ ದಪ್ಪ ಬೆನ್ನು ಮತ್ತು ಬಾಯಿ ಎರಡೂ ಒಟ್ಟಿಗೆ ಕಲ್ಲಿನ ಮೇಲೆ ಕೂರುತ್ತವೆ. ಬೆನ್ನಿನ ದಪ್ಪ ಮತ್ತು ಅಲಗಿನ ಅಗಲವೇ ಕೋನವನ್ನು ನಿರ್ಧರಿಸುತ್ತವೆ. ಕ್ಷೌರದ ಕತ್ತಿಯ ಅಗಲವನ್ನು ಇಂಚಿನ ಎಂಟನೇ ಭಾಗಗಳಲ್ಲಿ ಹೇಳುವುದು ರೂಢಿ. ಐದು-ಎಂಟಾಂಶ ಅಂದರೆ ಸುಮಾರು 16 ಮಿಲಿಮೀಟರ್. ಅಂಥ ಕತ್ತಿಯ ಬೆನ್ನು 4.6 ಮಿಲಿಮೀಟರ್ ದಪ್ಪ ಇದ್ದರೆ ಎರಡು ಓರೆಗಳ ನಡುವಿನ ಕೋನ ಸುಮಾರು 16.5 ಡಿಗ್ರಿ ಬರುತ್ತದೆ. ಕೆನ್ನೆಗೆ ಹಿತವಾದ ಕೋನ ಇದೇ ಆಸುಪಾಸಿನದು. ಆದ್ದರಿಂದ ಮಸೆಯುವಾಗ ಯಾವ ಹೊತ್ತಿನಲ್ಲೂ ಬೆನ್ನನ್ನು ಕಲ್ಲಿನಿಂದ ಎತ್ತಬಾರದು. ಎತ್ತಿದ ಕ್ಷಣವೇ ತಯಾರಿಸಿದವನು ಕೊಟ್ಟ ಲೆಕ್ಕ ಹೋಯಿತು.

ಅಲಗಿನ ಹೊಟ್ಟೆ ಒಳಕ್ಕೆ ತೋಡಿದ ಹಾಗಿರುವುದೂ ಇದಕ್ಕೇ. ಕಲ್ಲಿಗೆ ತಾಗುವುದು ಬೆನ್ನಿನ ಒಂದು ಸಣ್ಣ ಪಟ್ಟಿ, ಬಾಯಿಯ ಒಂದು ಸಣ್ಣ ಪಟ್ಟಿ ಮಾತ್ರ. ಬಾಯಿಯ ಕಡೆಯ ಆ ಪಟ್ಟಿಯನ್ನೇ ನಾನು ಇಲ್ಲಿ ಓರೆ ಅನ್ನುತ್ತಿದ್ದೇನೆ. ಹಿಡಿಗೆ ಹತ್ತಿರದ ಕೊನೆ ಬುಡ, ಆಚೆಯದು ತುದಿ.

ಕತ್ತಿ ಆರಿಸುವಾಗ

ಮುಂಬಯಿಯಲ್ಲಿ ಹಳೆಯ ಕತ್ತಿಗೆ ಚೋರ್ ಬಜಾರ್ ಸುತ್ತಬೇಕು. ಶುಕ್ರವಾರ ಬೆಳಗಿನ ಜುಮ್ಮಾ ಬಜಾರಿನಲ್ಲಿ ನೆಲದ ಮೇಲೆ ಹರಡಿದ ಹಿತ್ತಾಳೆ ಬೀಗ, ಹಳೆಯ ಕ್ಯಾಮೆರಾಗಳ ನಡುವೆ ಆಗಾಗ ಸಿಗುತ್ತವೆ. ಹಿಡಿಯ ಬಳಿಯ ಉಕ್ಕಿನ ಮೇಲೆ ಜರ್ಮನಿಯ ಸೋಲಿಂಗನ್ ಅಥವಾ ಇಂಗ್ಲೆಂಡಿನ ಶೆಫೀಲ್ಡ್ ಎಂಬ ಮುದ್ರೆ ಇದ್ದರೆ ಕೈಗೆತ್ತಿಕೊಂಡು ನೋಡಬಹುದು. ಈ ಎರಡೂ ಊರುಗಳು ತಲೆತಲಾಂತರದಿಂದ ಕತ್ತಿ ಮಾಡಿಕೊಂಡು ಬಂದವು. ಶೆಫೀಲ್ಡಿನಲ್ಲಿ 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಮೂಸೆಯಲ್ಲಿ ಉಕ್ಕು ಕರಗಿಸುವ ವಿಧಾನ ತಂದ ಮೇಲೆ ಇಡೀ ಅಲಗು ಒಂದೇ ಹದದ ಉಕ್ಕಾಗುವುದು ಸಾಧ್ಯವಾಯಿತು. ಸೋಲಿಂಗನ್ ಹೆಸರಿಗೆ ಜರ್ಮನಿಯಲ್ಲಿ 1938ರಿಂದ ಕಾನೂನಿನ ರಕ್ಷಣೆ ಇದೆ. ಆದರೂ ಬಜಾರಿನಲ್ಲಿ ಮುದ್ರೆಯೊಂದನ್ನೇ ನಂಬಬೇಡಿ, ಉಕ್ಕನ್ನು ನೋಡಿ.

ಹೊಟ್ಟೆಯ ಮೇಲೆ ಕಪ್ಪು ಕಲೆ ಇದ್ದರೆ ಚಿಂತೆ ಇಲ್ಲ. ಬಾಯಿಯ ಅಂಚಿನಲ್ಲೇ ತುಕ್ಕು ತಿಂದ ಗುಳಿ ಇದ್ದರೆ ಬಿಟ್ಟುಬಿಡಿ. ಎಷ್ಟು ಮಸೆದರೂ ಹೊಸ ಗುಳಿ ತೆರೆದುಕೊಳ್ಳುತ್ತ ಹೋಗುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ಬೇಡ. ಬೆನ್ನನ್ನು ನೋಡಿ: ಹಿಂದಿನವರು ಮಸೆದು ಮಸೆದು ಅಲ್ಲಿ ಚಪ್ಪಟೆ ಪಟ್ಟಿ ಬಿದ್ದಿರುತ್ತದೆ. ಅದು ಉದ್ದಕ್ಕೂ ಒಂದೇ ಅಗಲ ಇದ್ದರೆ ಕತ್ತಿ ನೇರ. ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು ಇದ್ದರೆ ಅಲಗು ತಿರುಚಿಕೊಂಡಿದೆ, ಇಲ್ಲವೇ ತಪ್ಪಾಗಿ ಮಸೆದಿದ್ದಾರೆ. ಬಾಯಿ ನಡುವಿನಲ್ಲಿ ಒಳಕ್ಕೆ ಬಾಗಿ ಹುಬ್ಬುಗಂಟಿಕ್ಕಿದ ಹಾಗಿದ್ದರೆ ಅದೂ ಬೇಡ. ಹೊರಕ್ಕೆ ಸ್ವಲ್ಪ ಬಾಗಿ ನಗುವ ಹಾಗಿದ್ದರೆ ಪರವಾಗಿಲ್ಲ, ಅದಕ್ಕೆ ಮಸೆಯುವ ದಾರಿ ಬೇರೆ ಇದೆ.

ಮೊದಲ ಕತ್ತಿಯನ್ನೇ ಮುಕ್ಕಾದದ್ದು ತಂದು ರಿಪೇರಿ ಮಾಡಲು ಹೋಗಬೇಡಿ. ನಾನು ಹಾಗೆ ಮಾಡಿ ಒಂದು ಒಳ್ಳೆಯ ಅಲಗನ್ನು ಅರ್ಧ ಸವೆಸಿಬಿಟ್ಟೆ. ಆ ನೋವು ಇನ್ನೂ ಇದೆ.

ಕಲ್ಲುಗಳು

ಬೇಕಾದದ್ದು ನಾಲ್ಕು ಹಂತ: 1000, 4000 ಅಥವಾ 5000, 8000, 12000. ಅಂಕಿ ಹೆಚ್ಚಿದಷ್ಟೂ ಕಣ ಸಣ್ಣದು. 1000ದ ಕಲ್ಲಿನ ಕಣ ಹೆಚ್ಚುಕಡಿಮೆ 14 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). 12000ದ್ದು ಒಂದು ಮೈಕ್ರಾನಿನ ಆಸುಪಾಸು. 4000 ಮತ್ತು 8000 ಎರಡೂ ಮುಖಕ್ಕಿರುವ ಜೋಡಿ ಕಲ್ಲುಗಳು ಸಿಗುತ್ತವೆ. ಮಸ್ಜಿದ್ ಬಂದರ್ ಸ್ಟೇಷನ್ನಿನಲ್ಲಿ ಇಳಿದು ನಾಗದೇವಿ ಸ್ಟ್ರೀಟಿಗೆ ಹೋದರೆ ಹತ್ಯಾರಿನ ಅಂಗಡಿಗಳ ಸಾಲೇ ಇದೆ. ಅಲ್ಲಿ ಸಾಮಾನ್ಯವಾಗಿ ಕೊಡುವ ಕಪ್ಪು ಕಾರ್ಬೊರಂಡಂ ಕಲ್ಲು ಕೊಡಲಿಗೆ, ಉಳಿಗೆ ಸರಿ. ಕ್ಷೌರದ ಕತ್ತಿಯನ್ನು ಅದಕ್ಕೆ ತಾಗಿಸಬೇಡಿ, ಅದರ ಗೀರು ತೆಗೆಯುವಷ್ಟರಲ್ಲಿ ಅಲಗಿನ ಆಯುಷ್ಯ ಕರಗುತ್ತದೆ. ಅಲ್ಲಿಂದ ತರಬೇಕಾದದ್ದು ನೀರಿನಲ್ಲಿ ಬಳಸುವ ಮರಳುಕಾಗದ, ಕಪ್ಪು ಇನ್ಸುಲೇಷನ್ ಟೇಪು, ಚೆನ್ನಾಗಿ ಹಿಗ್ಗಿಸಿ ತೋರಿಸುವ ಒಂದು ಕಣ್ಣುಗಾಜು. ಗಡಿಯಾರ ರಿಪೇರಿಯವರು ಬಳಸುವ ಗಾಜಿಗಿಂತ ಶಕ್ತಿ ಹೆಚ್ಚಿರಲಿ. 30 ಪಟ್ಟು ತೋರಿಸಿದರೆ ಸಾಕು. 60 ಪಟ್ಟಿನದಾದರೆ ಬಾಯಿಯ ಗೀರು ಇನ್ನೂ ಸ್ಪಷ್ಟ ಕಾಣುತ್ತದೆ.

ನಿಸರ್ಗದ ಕಲ್ಲುಗಳ ಮೋಹ ದೊಡ್ಡದು. ಬೆಲ್ಜಿಯಮ್ಮಿನ ಆರ್ಡೆನ್ ಬೆಟ್ಟಗಳಲ್ಲಿ ಸಿಗುವ ಹಳದಿ ಕೊಟಿಕ್ಯೂಲ್ ಕಲ್ಲಿನೊಳಗೆ ಗಾರ್ನೆಟ್ ಹರಳಿನ ಕಣಗಳಿವೆ. ಜಪಾನಿನ ಕ್ಯೋಟೋ ಸುತ್ತಿನ ಗಣಿಕಲ್ಲುಗಳಿಗೂ ದೊಡ್ಡ ಹೆಸರು. ಕಲಿಯುವ ಹೊತ್ತಿನಲ್ಲಿ ಅವು ಬೇಡ. ಕೈ ತಪ್ಪಿದೆಯೋ ಕಲ್ಲು ತಪ್ಪಿದೆಯೋ ತಿಳಿಯುವುದಿಲ್ಲ. ಕಾರ್ಖಾನೆಯ ಕಲ್ಲು ಇಂದು ಹೇಗೋ ನಾಳೆಯೂ ಹಾಗೇ ವರ್ತಿಸುತ್ತದೆ.

ಕೆಲವು ಕಲ್ಲುಗಳನ್ನು ಹತ್ತು ನಿಮಿಷ ನೀರಲ್ಲಿ ನೆನೆಸಬೇಕು. ಕೆಲವಕ್ಕೆ ಮೇಲೆ ನೀರು ಚಿಮುಕಿಸಿದರೆ ಸಾಕು, ನೆನೆಸಿಟ್ಟರೆ ಮೆತ್ತಗಾಗುತ್ತವೆ ಅಥವಾ ಬಿರಿಯುತ್ತವೆ. ಯಾವುದು ಹೇಗೆ ಅನ್ನುವುದು ಕಲ್ಲಿನ ಜೊತೆ ಬರುವ ಕಾಗದದಲ್ಲಿ ಇರುತ್ತದೆ. ನೀರಿನ ಕಲ್ಲಿಗೆ ಎಣ್ಣೆ ಮಾತ್ರ ಯಾವತ್ತೂ ಹಾಕಬೇಡಿ.

ಇನ್ನು ಕಲ್ಲು ಸಮವಾಗಿರಬೇಕು. ಹೊಸ ಕಲ್ಲೂ ಸಮ ಇರುವುದಿಲ್ಲ. ದಪ್ಪ ಗಾಜಿನ ಮೇಲೆ 320ರ ಆಸುಪಾಸಿನ ಮರಳುಕಾಗದ ಹಾಸಿ ನೀರು ಹಾಕಿ. ಕಲ್ಲಿನ ಮುಖದ ಮೇಲೆ ಪೆನ್ಸಿಲಿನಿಂದ ಚೌಕುಳಿ ಗೆರೆ ಎಳೆಯಿರಿ. ಆ ಗೆರೆಗಳೆಲ್ಲ ಅಳಿಯುವವರೆಗೆ ಕಾಗದದ ಮೇಲೆ ಉಜ್ಜಿ. ಎಲ್ಲಿ ಗೆರೆ ಉಳಿಯಿತೋ ಅಲ್ಲಿ ತಗ್ಗು. ಮತ್ತೊಮ್ಮೆ ಗೆರೆ ಎಳೆದು ಉಜ್ಜಿ ಖಾತ್ರಿ ಮಾಡಿಕೊಳ್ಳಿ. ಕೊನೆಗೆ ಕಲ್ಲಿನ ನಾಲ್ಕೂ ಅಂಚನ್ನು ಸ್ವಲ್ಪ ಉಜ್ಜಿ ಮೊಂಡು ಮಾಡಿ. ಚೂಪು ಅಂಚಿಗೆ ಕತ್ತಿಯ ಬಾಯಿ ತಾಗಿದರೆ ಮುಕ್ಕಾಗುತ್ತದೆ.

ಮೊದಲ ಕಲ್ಲು

ಮನೆಯವರು ಮಲಗಿದ ಮೇಲೆ ಅಥವಾ ಏಳುವ ಮುಂಚೆ ಕೂತುಕೊಳ್ಳಿ. ಮಕ್ಕಳು ಓಡಾಡುವಾಗ ಈ ಕೆಲಸ ಬೇಡ. ಸಿಂಕಿನ ಪಕ್ಕ ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಕಲ್ಲಿಡಿ, ಜಾರುವುದಿಲ್ಲ. ಕತ್ತಿ ಕೈಜಾರಿದರೆ ಹಿಡಿಯಲು ಹೋಗಬೇಡಿ, ಬೀಳಲಿ. ನಲ್ಲಿಯ ಮೂತಿಯನ್ನು ಆಚೆ ತಿರುಗಿಸಿಡಿ. ನೀರು ಹಿಡಿಯುವಾಗ ಬಾಯಿ ನಲ್ಲಿಗೆ ತಾಗಿ ಮುಕ್ಕಾಗುವುದೇ ಹೆಚ್ಚು.

ಬೆನ್ನಿನ ಮೇಲೆ ಟೇಪು ಅಂಟಿಸಬೇಕೋ ಬೇಡವೋ ಅನ್ನುವುದು ಹಳೆಯ ಜಗಳ. ಟೇಪು ಬೆನ್ನನ್ನು ಸವೆತದಿಂದ ಉಳಿಸುತ್ತದೆ. ಕೋನ ಸುಮಾರು ಒಂದು ಡಿಗ್ರಿ ಹೆಚ್ಚುತ್ತದೆ, ಅಷ್ಟು ಕೆನ್ನೆಗೆ ತಿಳಿಯುವುದಿಲ್ಲ. ಕಲಿಯುವವರು ಒಂದು ಪದರ ಅಂಟಿಸಿಕೊಳ್ಳಲಿ ಅನ್ನುವುದು ನನ್ನ ಅಭಿಪ್ರಾಯ, ಏಕೆಂದರೆ ಕಲಿಯುವಾಗ ಅಗತ್ಯಕ್ಕಿಂತ ಹೆಚ್ಚು ಮಸೆಯುತ್ತೇವೆ. ಆದರೆ ಮೊದಲ ಕಲ್ಲಿಗೆ ಟೇಪು ಹಾಕಿದರೆ ಕೊನೆಯ ಕಲ್ಲಿನವರೆಗೂ ಹಾಕಲೇಬೇಕು. ಟೇಪು ಸವೆದಾಗ ಬದಲಿಸಿ. ನಡುವೆ ತೆಗೆದರೆ ಕೋನ ಬದಲಾಗಿ ಬಾಯಿಯ ಅಂಚು ಕಲ್ಲಿಗೆ ತಾಗುವುದೇ ಇಲ್ಲ.

ಶುರು ಮಾಡುವ ಮೊದಲು ಮಾರ್ಕರ್ ಪೆನ್ನಿನಿಂದ ಎರಡೂ ಬದಿಯ ಓರೆಗೆ ಬುಡದಿಂದ ತುದಿಯವರೆಗೆ ಮಸಿ ಬಳಿಯಿರಿ. ಕತ್ತಿಯನ್ನು 1000ದ ಕಲ್ಲಿನ ಮೇಲೆ ಚಪ್ಪಟೆ ಮಲಗಿಸಿ, ಬಾಯಿ ಮುಂದಾಗಿ ಒಂದೇ ಒಂದು ಸಲ ಎಳೆಯಿರಿ. ಮಸಿ ಎಲ್ಲಿ ಅಳಿಯಿತು ನೋಡಿ. ಬಾಯಿಯ ಅಂಚಿನವರೆಗೆ ಅಳಿದಿದ್ದರೆ ಓರೆ ಸರಿಯಾಗಿ ಕೂತಿದೆ. ಮೇಲ್ಭಾಗದಲ್ಲಿ ಮಾತ್ರ ಅಳಿದು ಅಂಚಿನಲ್ಲಿ ಉಳಿದಿದ್ದರೆ ಮುಂದೆ ಕೆಲಸ ಇದೆ. ಬುಡದಲ್ಲಿ ಪೂರ್ತಿ ಉಳಿದಿದ್ದರೆ ಅಲಗಿನ ಬುಡದ ದಪ್ಪ ಭಾಗ ಕಲ್ಲಿನ ಮೇಲೆ ಹತ್ತಿ ಕೂತು ಉಳಿದ ಅಲಗನ್ನು ಎತ್ತುತ್ತಿದೆ. ಆಗ ಆ ದಪ್ಪ ಭಾಗವನ್ನು ಕಲ್ಲಿನ ಅಂಚಿನಿಂದ ಹೊರಗೇ ಇಟ್ಟು ಮಸೆಯಿರಿ. ಈ ಮಸಿಯ ಪರೀಕ್ಷೆಯಷ್ಟು ನನಗೆ ಕಲಿಸಿದ್ದು ಬೇರೇನಿಲ್ಲ. ಕೈ ಹೇಳುವ ಸುಳ್ಳನ್ನು ಅದು ತಕ್ಷಣ ತೋರಿಸುತ್ತದೆ.

ಹಿಡಿಯುವ ರೀತಿ ಹೀಗೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಕತ್ತಿಯ ಕೊರಳು, ಅಂದರೆ ಅಲಗಿಗೂ ಹಿಡಿಗೂ ನಡುವಿನ ಭಾಗ, ಇರಲಿ. ಹಿಡಿಯನ್ನು ಅಲಗಿನ ನೇರಕ್ಕೆ ಬಿಚ್ಚಿಕೊಂಡು ಸಡಿಲವಾಗಿ ಬಿಡಿ. ಮೊಣಕೈ ಭುಜದ ಮಟ್ಟಕ್ಕೆ ಸ್ವಲ್ಪ ಎತ್ತಿದರೆ ಅಲಗು ಸಲೀಸಾಗಿ ಚಪ್ಪಟೆ ಕೂರುತ್ತದೆ. ಬಾಯಿ ಮುಂದೆ, ಬೆನ್ನು ಹಿಂದೆ, ಕಲ್ಲಿನ ಮೇಲಿನ ತೆಳು ಪದರವನ್ನು ಹೆರೆಯಲು ಹೊರಟ ಹಾಗೆ ತಳ್ಳಿ. ತಳ್ಳುತ್ತಲೇ ಕತ್ತಿಯನ್ನು ಓರೆಯಾಗಿ ಜಾರಿಸಿ. ಬುಡ ಕಲ್ಲಿನ ಮೇಲೆ ಶುರುವಾಗಿ, ಕಲ್ಲು ಮುಗಿಯುವಾಗ ತುದಿ ಮಾತ್ರ ಉಳಿದಿರಲಿ. ಕೊನೆ ಬಂದಾಗ ಬೆನ್ನಿನ ಮೇಲೆ ಹೊರಳಿಸಿ, ಇನ್ನೊಂದು ಬದಿಯಿಂದ ಹಾಗೇ ಹಿಂದಕ್ಕೆ ಬನ್ನಿ. ಎರಡು ಎಳೆತ ಸೇರಿ ಗುಣಾಕಾರ ಚಿಹ್ನೆಯಂತೆ ಕಾಣುತ್ತದೆ. ಬಾಯಿಯ ಮೇಲೆ ಎಂದೂ ಹೊರಳಿಸಬಾರದು. ನಗುವ ಬಾಯಿಯ ಕತ್ತಿಯಾದರೆ ಜಾರಿಸುವಾಗ ಮಣಿಕಟ್ಟನ್ನು ಕೂದಲೆಳೆಯಷ್ಟು ಹೊರಳಿಸಿ, ಆ ಬಾಗಿನ ಪ್ರತಿ ಭಾಗವೂ ಕಲ್ಲಿಗೆ ತಾಗಬೇಕು.

ಓರೆ ಇನ್ನೂ ಕೂಡದ ಕತ್ತಿಗೆ ಮೊದಲು ಸಣ್ಣ ಸಣ್ಣ ವೃತ್ತಗಳಲ್ಲಿ ಮಸೆಯುವುದು ಬೇಗ ಆಗುತ್ತದೆ. ಒಂದು ಬದಿಗೆ 30 ಸುತ್ತು, ಹೊರಳಿಸಿ ಇನ್ನೊಂದು ಬದಿಗೆ 30. ಒಂದು ಬೆರಳಿನಿಂದ ಹಗುರ ಒತ್ತಡ ಸಾಕು. ಬೆರಳನ್ನು ಬೆನ್ನಿನ ಹತ್ತಿರ ಇಡಿ, ಬಾಯಿಯ ಹತ್ತಿರ ಒತ್ತಿದರೆ ತೆಳು ಅಲಗು ಬಾಗಿ ಓರೆ ಉಬ್ಬುತ್ತದೆ. ಕೆಲವು ಸುತ್ತಾದ ಮೇಲೆ ಮೇಲೆ ಹೇಳಿದ ಓರೆ ಎಳೆತ 20 ಬಾರಿ, ಒತ್ತಡ ತೆಗೆದು. ಕಲ್ಲಿನ ಮೇಲಿನ ನೀರು ಬೂದುಬಣ್ಣಕ್ಕೆ ತಿರುಗುತ್ತದೆ, ಅದು ಕತ್ತಿಯ ಉಕ್ಕು.

ಎಷ್ಟು ಸುತ್ತು ಬೇಕು ಎಂದು ಎಲ್ಲರೂ ಕೇಳುತ್ತಾರೆ. ಇದಕ್ಕೆ ಅಂಕಿ ಇಲ್ಲ. ಕಾಕಾ ಮಾತು ಕೇಳಿದ ಮೇಲೆ ನನ್ನ ಮೊದಲ ಕತ್ತಿಗೆ ಎರಡು ಸಂಜೆ ಹಿಡಿಯಿತು, ಮೂರನೆಯದಕ್ಕೆ ಕಾಲು ಗಂಟೆ. ಬಾಯಿ ಕೂಡಿದೆಯೋ ಇಲ್ಲವೋ ತಿಳಿಯಲು ಮೂರು ಪರೀಕ್ಷೆ ಮಾಡಿ, ಮೂರರಲ್ಲೂ ಗೆದ್ದರೆ ಮಾತ್ರ ಮುಂದೆ ಹೋಗಿ.

ಮೊದಲನೆಯದು ಬೆಳಕಿನದು, ಕಾಕಾ ಮಾಡಿದ್ದು. ದೀಪದ ಕೆಳಗೆ ಬಾಯಿಯನ್ನು ನೇರ ಮೇಲಕ್ಕೆ ಹಿಡಿದು ವಾಲಿಸಿ ನೋಡಿ. ಕೂಡಿದ ಬಾಯಿಗೆ ಅಗಲವೇ ಇಲ್ಲ, ಆದ್ದರಿಂದ ಬೆಳಕು ಅದರ ಮೇಲೆ ಕೂರಲಾರದು. ಎಲ್ಲಿ ಮಿನುಗಿದರೂ ಅಲ್ಲಿ ಇನ್ನೂ ಚಪ್ಪಟೆ ಇದೆ. ಎರಡನೆಯದು ಕಣ್ಣುಗಾಜಿನದು. ಓರೆಯ ಮೇಲಿನ ಗೀರುಗಳು ಅಂಚನ್ನು ದಾಟಿ ಹೊರಗೆ ಹೋದಂತೆ ಕಾಣಬೇಕು. ಅಂಚಿಗೆ ಮುಂಚೆಯೇ ನಿಂತು ಆಚೆ ಬೇರೆ ಬಣ್ಣದ ಎಳೆ ಕಂಡರೆ ಕೂಡಿಲ್ಲ. ಮೂರನೆಯದು ಮುಂಗೈ ಕೂದಲು. 1000ದ ಕಲ್ಲಿನಿಂದ ಇಳಿದ ಕತ್ತಿ ಚರ್ಮಕ್ಕೆ ತಾಗಿಸಿ ಆಡಿಸಿದಾಗ ಕೂದಲನ್ನು ಬೋಳಿಸಬೇಕು. ಬುಡದಲ್ಲಿ, ನಡುವಿನಲ್ಲಿ, ತುದಿಯಲ್ಲಿ ಬೇರೆಬೇರೆಯಾಗಿ ನೋಡಿ. ನಡುಭಾಗ ಬೇಗ ಕೂಡುತ್ತದೆ, ಬುಡ ಮತ್ತು ತುದಿ ತಡವಾಗಿ. ನನ್ನ ಕತ್ತಿಯಲ್ಲಿ ಕಾಕಾ ಕಂಡ ಎರಡು ಚುಕ್ಕೆಗಳು ಬುಡದಲ್ಲೊಂದು, ತುದಿಯಲ್ಲೊಂದು ಇದ್ದವು. ಉಗುರಿನ ಮೇಲೆ ಬಾಯಿ ಎಳೆದು ನೋಡುವ ಪದ್ಧತಿಯೂ ಇದೆ. ಅದು ಅಂಚನ್ನು ಸ್ವಲ್ಪ ಕೆಡಿಸುತ್ತದೆ, ಹಾಗಾಗಿ ಈ ಹಂತದಲ್ಲಿ ಮಾತ್ರ, ಮುಂದಿನ ಕಲ್ಲುಗಳಲ್ಲಿ ಖಂಡಿತ ಬೇಡ.

ಸೋತರೆ ಬೇಸರ ಪಡದೆ ಅದೇ ಕಲ್ಲಿಗೆ ವಾಪಸು ಹೋಗಿ. ಮುಂದಿನ ಕಲ್ಲು ಸರಿಮಾಡುತ್ತದೆ ಎಂಬ ಆಸೆ ಬಿಡಿ. 8000ದ ಕಲ್ಲು ತೆಗೆಯುವ ಉಕ್ಕು ಎಷ್ಟು ಕಡಿಮೆ ಅಂದರೆ, 1000 ಬಿಟ್ಟ ಕೊರತೆಯನ್ನು ತುಂಬಲು ಅದರ ಮೇಲೆ ಒಂದು ವಾರ ಕೂತರೂ ಆಗದು.

ನಡುವಿನ ಕಲ್ಲುಗಳು, ಕೊನೆಯ ಕಲ್ಲು

ಕಲ್ಲು ಬದಲಿಸುವಾಗ ಕತ್ತಿ, ಕೈ, ಹಾಸಿದ ಬಟ್ಟೆ ಎಲ್ಲ ತೊಳೆಯಿರಿ. 1000ದ ಒಂದು ಕಣ 12000ದ ಕಲ್ಲಿನ ಮೇಲೆ ಕೂತರೆ ಮಾಡಿದ್ದೆಲ್ಲ ಹೋಯಿತು.

4000 ಅಥವಾ 5000ದ ಮೇಲೆ ಓರೆ ಎಳೆತ 40ರಷ್ಟು. ಹೋಗಿ ಬರುವುದು ಸೇರಿ ಒಂದು ಎಣಿಕೆ. ಕಣ್ಣುಗಾಜಿನಲ್ಲಿ ಒರಟು ಗೀರುಗಳು ಮಾಯವಾಗಿ ಸಣ್ಣ ಗೀರು ತುಂಬಿದ್ದರೆ ಮುಂದೆ. ಉಳಿದಿದ್ದರೆ ಇನ್ನೂ 20. 8000ದ ಮೇಲೂ ಹಾಗೇ. ಈ ಕಲ್ಲಿನಿಂದ ಇಳಿದ ಕತ್ತಿ ಮುಂಗೈಯ ಮೇಲೆ ಚರ್ಮಕ್ಕೆ ತಾಗದೆ ಕಾಲಿಂಚು ಎತ್ತರದಲ್ಲಿ ಆಡಿಸಿದರೂ ಕೂದಲ ತುದಿಗಳನ್ನು ಅಲ್ಲಲ್ಲಿ ಕತ್ತರಿಸುತ್ತದೆ. 8000ದಲ್ಲೇ ನಿಲ್ಲಿಸಿ ಕ್ಷೌರ ಮಾಡಿಕೊಳ್ಳುವವರೂ ಇದ್ದಾರೆ. ಒಳ್ಳೆಯ ಕೈ ಇದ್ದರೆ ಅದೇ ಹಿತವಾಗಿರುತ್ತದೆ.

12000ದ ಕಲ್ಲಿನಲ್ಲಿ ಒತ್ತಡವೇ ಇರಬಾರದು. ಬರೀ ಕತ್ತಿಯ ತೂಕ. ಸಾಣೆಕಲ್ಲಿನ ಮೇಲೆ ಗಂಧ ತೇಯುವಾಗ ಕೊರಡನ್ನು ಒತ್ತಿ ಹಿಡಿಯುತ್ತೇವಲ್ಲ, ಅದರ ತದ್ವಿರುದ್ಧ ಇಲ್ಲಿ. ಕತ್ತಿ ಕಲ್ಲಿನಿಂದ ತೇಲಿ ಹೋದೀತು ಅನ್ನಿಸುವಷ್ಟು ಹಗುರ. ಏಕೆ ಅಂದರೆ ಈ ಹಂತದಲ್ಲಿ ಬಾಯಿ ಎಷ್ಟು ತೆಳುವಾಗಿರುತ್ತದೆಂದರೆ ಒತ್ತಿದರೆ ಆ ಅಂಚು ಒಂದು ಬದಿಗೆ ಮಡಚಿ ಪರೆಯಾಗಿ ನಿಲ್ಲುತ್ತದೆ. ಆ ಪರೆ ಮೊದಲ ಎಳೆತಕ್ಕೆ ಹರಿತ ಅನ್ನಿಸಿ, ಅರ್ಧ ಕೆನ್ನೆಯಲ್ಲಿ ಮುರಿದು ಉರಿ ಎಬ್ಬಿಸುತ್ತದೆ. 25 ಎಳೆತ ಸಾಕು. ಕೊನೆಯ ಎಳೆತಗಳಲ್ಲಿ ಕಲ್ಲು ಕತ್ತಿಯನ್ನು ಹೀರಿ ಹಿಡಿದ ಹಾಗೆ ಅನ್ನಿಸುತ್ತದೆ. ಎರಡೂ ಮೇಲ್ಮೈ ಸಮವಾದಾಗ ನಡುವಿನ ನೀರಿನ ಪದರ ಹಾಗೆ ಹಿಡಿಯುತ್ತದೆ. ಅದು ಶುಭಸೂಚನೆ. ಇನ್ನೂ ಹೆಚ್ಚು ಮಸೆದರೆ ಇನ್ನೂ ಹರಿತ ಆಗುತ್ತದೆ ಎಂದುಕೊಳ್ಳಬೇಡಿ, ಪರೆ ಏಳುತ್ತದೆ. ಪರೆ ಎದ್ದಿದೆ ಎಂಬ ಸಂಶಯ ಬಂದರೆ 8000ಕ್ಕೆ ಇಳಿದು 10 ಹಗುರ ಎಳೆತ ಎಳೆದು ಮತ್ತೆ ಬನ್ನಿ.

12000ದ ಕಲ್ಲು ತುಟ್ಟಿ ಅನ್ನಿಸಿದರೆ ಗಾಜಿನ ತುಂಡಿನ ಮೇಲೆ ನೀರು ಹಚ್ಚಿ ಅಂಟಿಸುವ ಒಂದು ಮೈಕ್ರಾನಿನ ಹೊಳಪುಹಾಳೆ ಬಳಸಬಹುದು. ಕೆಲಸ ಅಷ್ಟೇ ಚೆನ್ನಾಗಿ ಆಗುತ್ತದೆ, ಕಲ್ಲು ಸಮ ಮಾಡುವ ತಾಪತ್ರಯವೂ ಇಲ್ಲ. ಹಾಳೆಯಡಿ ಗಾಳಿಗುಳ್ಳೆ ಉಳಿಯದಂತೆ ನೋಡಿಕೊಳ್ಳಿ.

ಚರ್ಮದ ಪಟ್ಟಿ

ಕಲ್ಲಿನಿಂದ ನೇರ ಕೆನ್ನೆಗೆ ಹೋಗುವಂತಿಲ್ಲ. ನಡುವೆ ಪಟ್ಟಿ ಬೇಕೇ ಬೇಕು. ಧಾರಾವಿಯ ಚರ್ಮದ ಅಂಗಡಿಗಳಲ್ಲಿ ಎರಡೂವರೆಯಿಂದ ಮೂರು ಇಂಚು ಅಗಲದ, ಸುಕ್ಕಿಲ್ಲದ ನಯವಾದ ಪಟ್ಟಿ ಕತ್ತರಿಸಿ ಕೊಡುತ್ತಾರೆ. ಉದ್ದ ಒಂದೂವರೆ ಅಡಿಗಿಂತ ಹೆಚ್ಚಿರಲಿ. ಅದರ ಜೊತೆಗೆ ದಪ್ಪ ಹತ್ತಿಬಟ್ಟೆಯ ಇನ್ನೊಂದು ಪಟ್ಟಿ. ಎರಡನ್ನೂ ಒಂದು ಕೊಂಡಿಗೆ ಹಾಕಿ ಕಿಟಕಿಯ ಸರಳಿಗೆ ನೇತುಹಾಕಿ.

ಪಟ್ಟಿಯ ಮೇಲೆ ದಿಕ್ಕು ಉಲ್ಟಾ: ಬೆನ್ನು ಮುಂದೆ, ಬಾಯಿ ಹಿಂದೆ. ಮೊದಲು ಬಟ್ಟೆಯ ಮೇಲೆ 30 ಬಾರಿ, ನಂತರ ಚರ್ಮದ ಮೇಲೆ 50. ಪಟ್ಟಿ ಬಿಗಿಯಾಗಿ ಹಿಡಿದಿರಬೇಕು. ಸಡಿಲ ಬಿಟ್ಟು ಒತ್ತಿದರೆ ಚರ್ಮ ಬಾಯಿಯ ಸುತ್ತ ಬಳಸಿಕೊಂಡು ಅಂಚನ್ನು ಉರುಟು ಮಾಡುತ್ತದೆ. ಕೊನೆಯಲ್ಲಿ ಬೆನ್ನಿನ ಮೇಲೆ ಹೊರಳಿಸಿ ಆಮೇಲೆ ವಾಪಸು. ಮೊದಲ ತಿಂಗಳು ವೇಗ ಬೇಡ. ಸಿನಿಮಾದಲ್ಲಿ ಕಾಣುವ ಸರಸರ ಸದ್ದು ಮಾಡಲು ಹೋಗಿ ನಾನು ಪಟ್ಟಿಗೆ ಎರಡು ಆಳ ಗಾಯ ಮಾಡಿದೆ. ಗಾಯದ ಅಂಚು ಬಾಯಿಗೆ ತಾಗುತ್ತಿದ್ದರೆ ಹರಿತ ಉಳಿಯುವುದಿಲ್ಲ. ಸಣ್ಣ ಗಾಯವಾದರೆ ನಯ ಮರಳುಕಾಗದದಿಂದ ಉಜ್ಜಿ ಸಮಮಾಡಿ. ದೊಡ್ಡದಾದರೆ ಹೊಸ ಪಟ್ಟಿಯೇ ಗತಿ.

ಇನ್ನೂ ಸ್ವಲ್ಪ ಚುರುಕು ಬೇಕಾದರೆ ಬೇರೆ ಒಂದು ಬಟ್ಟೆಪಟ್ಟಿಗೆ ಹಸಿರು ಕ್ರೋಮಿಯಂ ಆಕ್ಸೈಡ್ ಪುಡಿ, ಅರ್ಧ ಮೈಕ್ರಾನಿನದು, ತೆಳುವಾಗಿ ಬಳಿದು 10 ಎಳೆತ ಎಳೆಯಬಹುದು. ದಿನವೂ ಬಳಸುವ ಚರ್ಮಕ್ಕೆ ಅದನ್ನು ಹಚ್ಚಬೇಡಿ.

ಈಗ ಕೊನೆಯ ಪರೀಕ್ಷೆ. ತಲೆಯಿಂದ ಉದುರಿದ ಒಂದು ಕೂದಲನ್ನು ಬೆರಳ ತುದಿಯಲ್ಲಿ ನೇತುಬಿಟ್ಟು ಬಾಯಿಯ ಮೇಲೆ ಇಳಿಸಿ. ಕತ್ತರಿಸಿ ಬಿದ್ದರೆ ಚೆನ್ನ. ಕೂದಲು ಒಬ್ಬೊಬ್ಬರದು ಒಂದೊಂದು ಥರ ಆದ್ದರಿಂದ ನಿಮ್ಮದೇ ಕೂದಲಿನಲ್ಲಿ, ಪ್ರತಿ ಸಲ ಹಾಗೇ ನೋಡುತ್ತ ಹೋದರೆ ಮಾತ್ರ ಇದು ಅಳತೆಗೋಲಾಗುತ್ತದೆ.

ಕೆನ್ನೆಯ ಮೇಲೆ

ಅಂತಿಮ ತೀರ್ಪು ಕೆನ್ನೆಯದು. ಸ್ನಾನವಾದ ಮೇಲೆ, ಬಿಸಿನೀರಿನ ಟವೆಲನ್ನು ಎರಡು ಮೂರು ನಿಮಿಷ ಮುಖಕ್ಕೆ ಹಿಡಿದು, ದಟ್ಟ ನೊರೆ ಹಚ್ಚಿ ಶುರುಮಾಡಿ. ಇದು ಆರಾಮಕ್ಕಾಗಿ ಮಾತ್ರವಲ್ಲ. 2020ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಸೈನ್ಸ್ ಪತ್ರಿಕೆಯಲ್ಲಿ ತೋರಿಸಿದ್ದು ಹೀಗೆ: ಕೂದಲು ಉಕ್ಕಿಗಿಂತ ಎಷ್ಟೋ ಪಟ್ಟು ಮೃದುವಾಗಿದ್ದರೂ, ಕತ್ತರಿಸುವಾಗ ಬಾಗಿದ ಕೂದಲು ಬ್ಲೇಡಿನ ಅಂಚಿನಿಂದ ಸಣ್ಣ ಚೂರು ಕೀಳಬಲ್ಲದು. ನೆನೆದು ಮೆತ್ತಗಾದ ಗಡ್ಡ ಕತ್ತಿಗೂ ಹಿತ.

ಬೆನ್ನು ಕೆನ್ನೆಯಿಂದ ಸುಮಾರು 30 ಡಿಗ್ರಿ ಎದ್ದಿರಲಿ, ಅಂದರೆ ಬೆನ್ನಿನ ದಪ್ಪ ಎರಡು ಸಲ ಹಿಡಿಯುವಷ್ಟು ಸಂದು. ಇನ್ನೊಂದು ಕೈಯಿಂದ ಚರ್ಮ ಬಿಗಿ ಹಿಡಿದು, ಕೂದಲು ಮಲಗಿದ ದಿಕ್ಕಿಗೆ ಸಣ್ಣ ಸಣ್ಣ ಎಳೆತ. ಮೊದಲ ಎರಡು ವಾರ ಎರಡು ಕೆನ್ನೆ ಮಾತ್ರ. ಗದ್ದ, ಮೇಲ್ದುಟಿ, ಗಂಟಲಿಗೆ ನಿಮ್ಮ ಹಳೆಯ ರೇಜರನ್ನೇ ಬಳಸಿ. ಬಾಯಿಯನ್ನು ಉದ್ದಕ್ಕೆ, ತರಕಾರಿ ಕೊಯ್ಯುವ ಹಾಗೆ, ಜಾರಿಸಬೇಡಿ. ಗಾಯ ಆಗುವುದು ಹಾಗೇ.

ಕತ್ತಿ ಎಲ್ಲೆಡೆ ಕೂದಲನ್ನು ಹಿಡಿದು ಎಳೆದರೆ ಪಟ್ಟಿಯ ಕೆಲಸ ಕಡಿಮೆಯಾಗಿದೆ, ಇಲ್ಲವೇ 8000ದಲ್ಲಿ ಅವಸರ ಮಾಡಿದ್ದೀರಿ. ಅಲಗಿನ ಒಂದೇ ಜಾಗದಲ್ಲಿ ಎಳೆದರೆ ಅಲ್ಲಿ ಬಾಯಿ ಕೂಡಿಲ್ಲ, 1000ಕ್ಕೆ ಹೋಗಿ. ಸಲೀಸಾಗಿ ಕತ್ತರಿಸಿಯೂ ಆಮೇಲೆ ಮುಖ ಉರಿದರೆ ಪರೆ ಎದ್ದಿದೆ.

ಮಳೆಗಾಲ ಮತ್ತು ಮರುಮಸೆತ

ಹಳೆಯ ಕತ್ತಿಗಳು ಹೆಚ್ಚಾಗಿ ಕಾರ್ಬನ್ ಉಕ್ಕಿನವು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಬಯಿಯ ಗಾಳಿಯಲ್ಲಿ ಒಂದು ರಾತ್ರಿ ಬಾತ್‌ರೂಮಿನಲ್ಲಿ ಮರೆತರೂ ಬೆಳಗ್ಗೆ ಕೆಂಪು ಚುಕ್ಕೆ ಮೂಡಿರುತ್ತದೆ. ಕ್ಷೌರ ಮುಗಿದ ಕೂಡಲೇ ಅಲಗು ತೊಳೆದು, ಬೆನ್ನಿನಿಂದ ಬಾಯಿಯ ಕಡೆಗೆ ಮೆತ್ತನೆ ಬಟ್ಟೆಯಿಂದ ಒರೆಸಿ, ಬಟ್ಟೆಪಟ್ಟಿಯ ಮೇಲೆ ಹತ್ತು ಎಳೆತ ಎಳೆದು ಒಣಗಿಸಿ. ಹಿಡಿಯ ಕೀಲಿನೊಳಗೆ ನೀರು ಹೋಗಲು ಬಿಡಬೇಡಿ, ಒಳಗಿಂದ ತುಕ್ಕು ಶುರುವಾಗುತ್ತದೆ. ವಾರಗಟ್ಟಲೆ ಬಳಸದಿದ್ದರೆ ಹೊಲಿಗೆಯಂತ್ರದ ಎಣ್ಣೆಯ ಒಂದು ಹನಿಯನ್ನು ಇಡೀ ಅಲಗಿಗೆ ಸವರಿ, ಮಲಗುವ ಕೋಣೆಯ ಕಪಾಟಿನಲ್ಲಿ ಮುಚ್ಚಿದ ಡಬ್ಬಿಯೊಳಗೆ ಇಡಿ. ಔಷಧಿ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಅದರಲ್ಲಿ ಹಾಕಿಡಿ. ಕೊಬ್ಬರಿ ಎಣ್ಣೆ ಬೇಡ, ಕಾಲ ಕಳೆದಂತೆ ಅಂಟಾಗುತ್ತದೆ. ಚರ್ಮದ ಪಟ್ಟಿಗೂ ಬೂಷ್ಟು ಹಿಡಿಯುತ್ತದೆ. ಗಾಳಿಯಾಡುವಲ್ಲಿ ನೇತುಹಾಕಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ.

ಪ್ರತಿ ಕ್ಷೌರಕ್ಕೆ ಮುಂಚೆ ಪಟ್ಟಿ ಎಳೆಯುತ್ತಿದ್ದರೆ ಕತ್ತಿ ಕೆಲವು ತಿಂಗಳು ಕಲ್ಲು ಕೇಳುವುದಿಲ್ಲ. ಮೊಂಡಾಗುವ ಮುನ್ಸೂಚನೆ ಸಾಮಾನ್ಯವಾಗಿ ಗದ್ದದ ಕೆಳಗೆ ಸಿಗುತ್ತದೆ, ಅಲ್ಲಿ ಕೂದಲು ಗಡುಸು. ಆಗ 12000ದ ಮೇಲೆ 15 ಹಗುರ ಎಳೆತ, ಆಮೇಲೆ ಪಟ್ಟಿ. ಅದರಿಂದ ಸರಿಹೋಗದಿದ್ದರೆ 8000ದಿಂದ ಶುರು ಮಾಡಿ. ಅಂಚು ಮುಕ್ಕಾಗದೆ, ತುಕ್ಕು ಹಿಡಿಯದೆ ಇರುವವರೆಗೆ 1000ದ ಕಲ್ಲಿಗೆ ಮತ್ತೆ ಹೋಗುವ ಅಗತ್ಯ ಬೀಳುವುದಿಲ್ಲ. ಹೋದ ದೀಪಾವಳಿಯ ಮುಂಚೆ ನನ್ನ ಸೋಲಿಂಗನ್ ಕತ್ತಿಯನ್ನು ಮತ್ತೆ ಕಾಕಾ ಕೈಗೆ ಕೊಟ್ಟೆ. ಅದೇ ಟ್ಯೂಬ್‌ಲೈಟಿನ ಕೆಳಗೆ ಬುಡದಿಂದ ತುದಿಯವರೆಗೆ ವಾಲಿಸಿದರು. ಏನೂ ಮಿನುಗಲಿಲ್ಲ. ಮಡಚಿ ನನ್ನ ಕೈಗಿಟ್ಟು, "ಇನ್ನ ಇದಕ್ಕ ದೊಡ್ಡ ಕಲ್ಲ ತೋರಸಬ್ಯಾಡ" ಅಂದರು.